ಹಸಿರು ಸೀರೆ ಬಿಟ್ಟು ಬಂದ ಹುಡುಗಿಗೆ

ಕಳೆದ ಸಲ ಮಂಡ್ಯದ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಅವರಿಗೆ 27 ವರ್ಷ. ವೈಶಾಖದಲ್ಲಿ ಮದುವೆ, ಇನ್ನು ಏಳು ವಾರ ಇದೆ. ಗಂಡಿನ ಮನೆಯವರು ‘ಧಾರೆ ಸೀರೆ ನಿನಗಿಷ್ಟವಾದದ್ದನ್ನೇ ತೆಗೆದುಕೊಳ್ಳಮ್ಮ’ ಎಂದು 40,000 ರೂಪಾಯಿ ಕೈಗೆ ಕೊಟ್ಟಿದ್ದಾರೆ. ಹಾಸ್ಟೆಲ್ ಕಾಲದ ನಾಲ್ವರು ಗೆಳತಿಯರ ಜೊತೆ ಮೂರು ಭಾನುವಾರ ಮೈಸೂರಿನ ಅಂಗಡಿ ಸುತ್ತಿದ್ದಾರೆ. ಒಬ್ಬಳು ಕಾಂಜೀವರಂ ಎನ್ನುತ್ತಾಳೆ, ಇನ್ನೊಬ್ಬಳು ಈಗ ಓಡುತ್ತಿರುವ ತಿಳಿ ಬಣ್ಣ ಎನ್ನುತ್ತಾಳೆ, ಮತ್ತೊಬ್ಬಳಿಗೆ ಲೆಹೆಂಗಾ ಆಗಬೇಕು. ವಾಟ್ಸಾಪ್ ಗುಂಪಿನ ತುಂಬ ಫೋಟೋ. ಮೊದಲ ದಿನವೇ ಬಾಳೆಎಲೆ ಹಸಿರಿನ ಮೈಸೂರು ರೇಷ್ಮೆ ಒಂದು ಕಣ್ಣಿಗೆ ಬಿದ್ದಿತ್ತು. ‘ಕೈಗೆ ಬೆಣ್ಣೆಯ ಹಾಗಿತ್ತು, ಅಮ್ಮನ ಹಳೇ ಸೀರೆ ನೆನಪಾಯಿತು’ ಎಂದು ಬರೆದಿದ್ದರು. ‘ಮದುಮಗಳ ಸೀರೆ ಥರ ಇಲ್ಲ’ ಎಂದರು ಗೆಳತಿಯರು. ಬಿಟ್ಟು ಬಂದರು. ಅಮ್ಮ ‘ನಿಮ್ಮಿಷ್ಟ’ ಎಂದು ಸುಮ್ಮನಾಗಿದ್ದಾರೆ. ಗೆಳತಿಯರ ಮನಸ್ಸು ನೋಯಿಸದೆ ಸೀರೆ ತೆಗೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಒಂದು ಕಾಲಕ್ಕೆ ನಾನೂ ಇಂಥ ಗೆಳತಿಯೇ ಆಗಿದ್ದೆ. ಅದಕ್ಕೇ ಈ ಪತ್ರ.

ಒಂಬತ್ತು ವರ್ಷದ ಹಿಂದೆ ಗೆಳತಿಯೊಬ್ಬಳ ಮದುವೆ ಸೀರೆಗೆ ನಾವು ಮೂವರು ಜೊತೆಗೆ ಹೋಗಿದ್ದೆವು. ಅವಳು ಕೆನೆ ಬಣ್ಣದ, ಸಣ್ಣ ಅಂಚಿನ ಸೀರೆಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನೇ ಅದನ್ನು ಎತ್ತಿ ಪಕ್ಕಕ್ಕೆ ಇಟ್ಟೆ. ‘ಇದು ಗೃಹಪ್ರವೇಶಕ್ಕೆ ಸರಿ ಕಣೇ, ಮದುವೆಗಲ್ಲ’ ಅಂದೆ. ದೊಡ್ಡ ಅಂಚಿನ ರಾಣಿ ಪಿಂಕ್ ಕಾಂಜೀವರಂ ತೆಗೆಸಿದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವಳೂ ನಕ್ಕಳು. ಆ ನಗುವನ್ನು ನಾನು ಒಪ್ಪಿಗೆ ಅಂದುಕೊಂಡೆ.

ಮದುವೆ ದಿನ ಹಸೆಮಣೆ ಮೇಲೆ ಕೂತವಳು ಸೆರಗಿನ ಭಾರಕ್ಕೆ ಮತ್ತೆ ಮತ್ತೆ ಹೆಗಲು ಎತ್ತುತ್ತಿದ್ದಳು. ನನಗೆ ಕಂಡಿತು, ಆದರೆ ಏನೂ ಅನ್ನಿಸಲಿಲ್ಲ. ಆಮೇಲೆ ಅವಳ ಮಗುವಿನ ನಾಮಕರಣ ಆಯಿತು, ತಂಗಿ ಮದುವೆ ಆಯಿತು, ಎಷ್ಟೋ ವರಮಹಾಲಕ್ಷ್ಮಿ ಹಬ್ಬ ಬಂದು ಹೋದವು. ಆ ಸೀರೆ ಎಲ್ಲೂ ಕಾಣಲಿಲ್ಲ. ಹೋದ ವರ್ಷ ಅವಳ ಮನೆಯಲ್ಲಿ ಬೀರು ಜೋಡಿಸುತ್ತಿದ್ದಾಗ ಅಡಿಯಲ್ಲಿ ಸಿಕ್ಕಿತು. ಯಾಕೆ ಉಡುವುದಿಲ್ಲ ಎಂದು ಕೇಳಿದೆ. ‘ನನಗೆ ಅದು ಇಷ್ಟ ಇರಲಿಲ್ಲ ಕಣೇ. ನೀವೆಲ್ಲ ರಜ ಹಾಕಿ ಬಂದಿದ್ರಿ. ಹೇಗೆ ಬೇಡ ಅನ್ನಲಿ?’ ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಿಮ್ಮ ಗೆಳತಿಯರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ, ನಿಜವಾಗಿಯೂ ಗೊತ್ತಾಗುವುದಿಲ್ಲ. ನನಗಾಗ ಇನ್ನೂ ಮದುವೆ ಆಗಿರಲಿಲ್ಲ. ಆ ರಾಣಿ ಪಿಂಕ್ ನನ್ನ ಆಸೆಯ ಸೀರೆ. ಅದನ್ನು ಅವಳಿಗೆ ಉಡಿಸಿದ್ದೆ. ಅವತ್ತೇ ‘ನನಗೆ ಇದು ಬೇಡ’ ಅಂದಿದ್ದರೆ ಹತ್ತು ನಿಮಿಷ ಮುಖ ಊದಿಸಿಕೊಂಡು, ಕಾಫಿ ಕುಡಿಯುವ ಹೊತ್ತಿಗೆ ಸರಿಹೋಗುತ್ತಿದ್ದೆ. ಈಗಿನ ಈ ಸಂಕಟ ಒಂಬತ್ತು ವರ್ಷದ್ದು.

— ಕುವೆಂಪುನಗರ, ಮೈಸೂರು

*

31 ವರ್ಷ ಜವಳಿ ಅಂಗಡಿಯ ಗಾದಿ ಮೇಲೆ ಕೂತು ಸೀರೆ ಬಿಡಿಸಿದ್ದೇನೆ. ಶಿವರಾಂಪೇಟೆಯಲ್ಲಿ ಶುರು, ಆಮೇಲೆ ದೇವರಾಜ ಅರಸು ರಸ್ತೆ. ಈಗ ಬಿಟ್ಟು ಮನೆಯಲ್ಲಿದ್ದೇನೆ. ನಿಮ್ಮ ಪತ್ರ ಓದಿದಾಗ ಎದುರಿಗೆ ಕೂತಿದ್ದ ಎಷ್ಟೋ ಹೆಣ್ಣುಮಕ್ಕಳ ಮುಖ ನೆನಪಾಯಿತು.

ಐದು ಜನ ಒಟ್ಟಿಗೆ ಬಂದರೆ ಅಂಗಡಿಯವನು ಮೊದಲು ನೋಡುವುದು ಮದುಮಗಳು ಯಾರು ಎಂದಲ್ಲ. ಯಾರ ಮಾತು ನಡೆಯುತ್ತದೆ ಎಂದು. ಅವರ ಮುಂದೆಯೇ ಸೀರೆ ಬಿಡಿಸುತ್ತಾನೆ. ಇದರಲ್ಲಿ ಮೋಸವಿಲ್ಲ, ವ್ಯಾಪಾರ ನಡೆಯುವುದೇ ಹಾಗೆ. ಉಡುವ ಹುಡುಗಿ ಗಾದಿಯ ಮೂಲೆಯಲ್ಲಿ ಕೂತಿರುತ್ತಾಳೆ. ಐವತ್ತು ಸೀರೆ ಬಿಡಿಸಿದ ಮೇಲೆ ಯಾರ ಕಣ್ಣಿಗೂ ಬಣ್ಣ ಕಾಣುವುದಿಲ್ಲ. ಹದಿನೈದು ದಾಟಬೇಡಿ. ದಾಟಿದರೆ ಎದ್ದು ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ.

ಭಾನುವಾರ ಮಾತ್ರ ಬೇಡಮ್ಮ. ಬುಧವಾರವೋ ಗುರುವಾರವೋ ರಜ ಹಾಕಿ, ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಒಂದು ಗಂಟೆಯೊಳಗೆ ಹೋಗಿ. ಆಗ ಮಾರುವವನಿಗೂ ತಾಳ್ಮೆ ಇರುತ್ತದೆ. ಜೊತೆಗೆ ಇಬ್ಬರು ಸಾಕು. ಕೂತ ತಕ್ಷಣ ದುಡ್ಡಿನ ಮಿತಿ ಹೇಳಿಬಿಡಿ. ನಿಮ್ಮ ಹತ್ತಿರ 40,000 ಇದ್ದರೆ 34 ಅಥವಾ 35 ಎಂದು ಹೇಳಿ. ಉಳಿದದ್ದು ಬ್ಲೌಸಿಗೆ, ಕುಚ್ಚಿಗೆ, ಫಾಲ್ ಜಿಗ್‌ಜಾಗ್‌ಗೆ ಬೇಕು. ನಾಚಿಕೊಂಡು ಮಿತಿ ಹೇಳದವರಿಗೆ ಮೊದಲು ದೊಡ್ಡ ಬೆಲೆಯದ್ದು ತೋರಿಸುತ್ತಾರೆ. ಅದನ್ನು ನೋಡಿದ ಕಣ್ಣಿಗೆ ಆಮೇಲೆ ಬೇರೆ ಯಾವುದೂ ಹಿಡಿಸುವುದಿಲ್ಲ.

ಇನ್ನು ಬಣ್ಣ. ಅಂಗಡಿಯ ದೀಪದ ಕೆಳಗೆ ಎಲ್ಲ ಸೀರೆಯೂ ಹೊಳೆಯುತ್ತದೆ. ಸೀರೆಯನ್ನು ಬಾಗಿಲ ಹತ್ತಿರ ಹಗಲು ಬೆಳಕಿಗೆ ತರಿಸಿ ನೋಡಿ. ಒಳ್ಳೆಯ ಅಂಗಡಿಯವರು ಬೇಡ ಅನ್ನುವುದಿಲ್ಲ. ಫೋನಿನ ಫೋಟೋ ನಂಬಿ ಬಣ್ಣ ಆರಿಸಬೇಡಿ. ಅರಗಿನ ಕೆಂಪು ಅದರಲ್ಲಿ ಪಿಂಕ್ ಆಗುತ್ತದೆ, ನಿಮ್ಮ ಬಾಳೆಎಲೆ ಹಸಿರು ಪಾಚಿ ಆಗುತ್ತದೆ. ಗುಂಪಿನಲ್ಲಿ ಫೋಟೋ ನೋಡಿ ‘ಡಲ್’ ಅನ್ನುವವರು ನಿಜವಾದ ಬಣ್ಣ ನೋಡಿಯೇ ಇಲ್ಲ ಅನ್ನಬೇಕು.

ಮೈಮೇಲೆ ಹಾಕಿಕೊಂಡು ನಿಂತು ಕನ್ನಡಿ ನೋಡುತ್ತಾರೆ ಎಲ್ಲರೂ. ನೀವು ಕೂತು ನೋಡಿ. ಧಾರೆಯ ದಿನ ನಿಲ್ಲುವುದಕ್ಕಿಂತ ಕೂರುವುದೇ ಜಾಸ್ತಿ. ಚಕ್ಕಳಮಕ್ಕಳ ಹಾಕಿ ಕೂತಾಗ ನೆರಿಗೆ ಹೇಗೆ ಬೀಳುತ್ತದೆ, ಅಂಚು ಚುಚ್ಚುತ್ತದಾ, ಏಳುವಾಗ ಕಾಲಿಗೆ ತೊಡರುತ್ತದಾ, ಎಲ್ಲ ಗೊತ್ತಾಗುತ್ತದೆ.

ಕಾಂಜೀವರಂ ಮತ್ತು ಮೈಸೂರು ರೇಷ್ಮೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಕಾಂಜೀವರಂ ದಪ್ಪ ನೂಲಿನದು. ಅಂಚು, ಸೆರಗಿಗೆ ಬೇರೆ ಬಣ್ಣ, ಜರಿ ತುಂಬ. ಕೆಲವು ಸೀರೆ ಮುಕ್ಕಾಲು ಕೆಜಿ ಮೀರುತ್ತವೆ. ನಮ್ಮ ಮೈಸೂರು ರೇಷ್ಮೆ ಹುರಿ ಹಾಕಿದ ನೂಲಿನ ಕ್ರೇಪ್. ತೆಳು, ಮೆತ್ತಗೆ, ಸಾಮಾನ್ಯವಾಗಿ ಒಂದೇ ಬಣ್ಣದ ಒಡಲು, ಅದಕ್ಕೆ ಜರಿ ಅಂಚು. ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ ನಾಲ್ವಡಿಯವರ ಕಾಲದಲ್ಲಿ 1912ರಲ್ಲಿ ಶುರುವಾದದ್ದು. ಈಗ ಅದನ್ನು ನಡೆಸುವುದು ರಾಜ್ಯ ಸರ್ಕಾರದ ರೇಷ್ಮೆ ನಿಗಮ, ಕೆಎಸ್‌ಐಸಿ. ಅವರ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ. ಅದಕ್ಕೇ ಬೆಳ್ಳಿ ಬಂಗಾರ ಏರಿದರೆ ಸೀರೆಯ ಬೆಲೆಯೂ ಏರುತ್ತದೆ. ಒಂದೊಂದು ಸೀರೆಗೂ ಅದರದೇ ಸಂಖ್ಯೆ ಇರುತ್ತದೆ. ಬೇಡಿಕೆ ಜಾಸ್ತಿ, ಸೀರೆ ಕಡಿಮೆ. ಮಳಿಗೆ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತದ್ದೂ ಇದೆ.

ಬೋರ್ಡಿನಲ್ಲಿ ‘ಮೈಸೂರು ಸಿಲ್ಕ್’ ಎಂದು ಇರುವ ಅಂಗಡಿಯದ್ದೆಲ್ಲ ಕೆಎಸ್‌ಐಸಿ ಸೀರೆ ಅಲ್ಲ. ಖಾಸಗಿ ಅಂಗಡಿಯ ಕ್ರೇಪ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ಅದನ್ನೇ ಮಾರಿ ನಾನು ಮನೆ ನಡೆಸಿದ್ದೇನೆ. ಆದರೆ ಎರಡಕ್ಕೂ ಒಂದೇ ಬೆಲೆ ಕೊಡಬಾರದು. ಯಾವುದು ಎಂದು ನೇರವಾಗಿ ಕೇಳಿ. ಬೇರೆ ಅಂಗಡಿಯಲ್ಲಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ತಂದದ್ದು ಅದು. ಅದು ಹೇಳುವುದು ರೇಷ್ಮೆಯ ವಿಷಯ ಮಾತ್ರ, ಜರಿಯದ್ದಲ್ಲ. ಜರಿ ಅಸಲಿಯಾ, ಅಗ್ಗದ ಲೋಹದ ‘ಟೆಸ್ಟೆಡ್ ಜರಿ’ಯಾ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಂಚಿನ ತುದಿಯಿಂದ ನಾಲ್ಕು ಎಳೆ ಒಡಲಿನ ದಾರ ಕಿತ್ತು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯ ಹಾಗೆ ಆಗುತ್ತದೆ.

ಇನ್ನೊಂದು ಮಾತು. ಬಳೆ ಶಾಸ್ತ್ರಕ್ಕೆ ಹಸಿರು ಬಳೆ ತೊಡಿಸುವ ಊರಿನವರು ನಾವು. ಚಪ್ಪರಕ್ಕೆ ಮಾವಿನ ಸೊಪ್ಪು, ಬಾಗಿಲಿಗೆ ಬಾಳೆಕಂಬ. ಹಸಿರು ಮದುವೆಗೆ ಬರುವುದಿಲ್ಲ ಅಂದರೆ ಹೇಗೆ? ಗೆಳತಿಯರ ಎದುರಿಗೆ ಒಂದು ಸೀರೆ ತೆಗೆದುಕೊಂಡು, ಮಾರನೇ ದಿನ ಒಬ್ಬರೇ ಬಂದು ಬೇರೆಯದ್ದಕ್ಕೆ ಬದಲಾಯಿಸಿಕೊಂಡು ಹೋದವರನ್ನು ನಾನು ಎಷ್ಟೋ ನೋಡಿದ್ದೇನೆ. ಕೆಲವರ ಕಣ್ಣಲ್ಲಿ ನೀರಿರುತ್ತಿತ್ತು. ಹಾಗೆ ಮಾಡಬೇಕಾಗಿ ಬಂದರೂ ಫಾಲ್ ಹಚ್ಚಿಸುವ ಮುಂಚೆ ಹೋಗಿ. ಸೂಜಿ ತಾಗಿದ ಸೀರೆಯನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

— ನಿವೃತ್ತ ಜವಳಿ ಅಂಗಡಿ ನೌಕರ, ಮೈಸೂರು

*

ಮಗಳೇ, ನಿನ್ನ ಅಮ್ಮ ‘ನಿಮ್ಮಿಷ್ಟ’ ಅಂದಿದ್ದಾರೆ ಅಂತ ಬರೆದಿದ್ದೀಯ. ನನ್ನ ಮಗಳ ಮದುವೆಯಲ್ಲಿ ನಾನೂ ಅದನ್ನೇ ಅಂದಿದ್ದೆ. ‘ನನ್ನನ್ನೂ ಕರಿ’ ಅಂತ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಹಾಗಂದೆ.

ನನ್ನ ಮದುವೆಗೆ ನನ್ನನ್ನು ಯಾರೂ ಅಂಗಡಿಗೆ ಕರೆದುಕೊಂಡು ಹೋಗಲಿಲ್ಲ. ಅತ್ತೆ ಮನೆಯವರು ತಂದದ್ದನ್ನು ಉಟ್ಟೆ. ಬಣ್ಣ ನೋಡಿದ್ದು ಧಾರೆಯ ಹಿಂದಿನ ರಾತ್ರಿ. ಮಗಳು ಹುಟ್ಟಿದಾಗಿನಿಂದ ಒಂದು ಆಸೆ ಇತ್ತು. ಇವಳ ಜೊತೆ ನಾನು ಅಂಗಡಿಯಲ್ಲಿ ಕೂರಬೇಕು, ನನ್ನ ಕೈಯಾರೆ ಇವಳ ಹೆಗಲಿಗೆ ಸೀರೆ ಹಾಕಿ ನೋಡಬೇಕು ಅಂತ. ಅವಳು ಗೆಳತಿಯರ ಜೊತೆ ಹೋಗಿ ಚೆನ್ನಾಗಿರುವ ಸೀರೆಯನ್ನೇ ತಂದಳು. ನಾನೂ ಚೆನ್ನಾಗಿದೆ ಅಂದೆ. ಒಳಗೆ ಹೋಗಿ ಒಲೆ ಮುಂದೆ ಅತ್ತೆ. ಇವತ್ತಿಗೂ ಅವಳಿಗೆ ಹೇಳಿಲ್ಲ, ಇನ್ನು ಹೇಳುವುದೂ ಇಲ್ಲ.

ನಿನಗೆ ಇನ್ನೂ ಹೊತ್ತು ಮೀರಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗು. ಮಂಡಿ ನೋವು ಅಂದರೆ ಆಟೊ ಮಾಡು. ನಾಲ್ಕು ಅಂಗಡಿ ಸುತ್ತಿಸಬೇಡ, ಒಂದೇ ಸಾಕು. ಮಧ್ಯಾಹ್ನ ಹೊರಗೆ ಊಟ ಮಾಡಿಸು. ಬರುವಾಗ ಗಂಜಾಂನಲ್ಲಿ ಇಳಿದು ಸೀರೆಯನ್ನು ನಿಮಿಷಾಂಬ ದೇವಿಯ ಮುಂದೆ ಇಟ್ಟು ಪೂಜೆ ಮಾಡಿಸಿಕೊಂಡು ಬನ್ನಿ.

— ಪಾಂಡವಪುರ

*

ಗೆಳತಿಯರನ್ನು ದೂರ ಇಡಿ ಎಂದು ತುಂಬ ಜನ ಬರೆಯುತ್ತಾರೆ ಅಂತ ನನಗೆ ಗೊತ್ತು. ನಾನು ಒಪ್ಪುವುದಿಲ್ಲ.

ನಾನು ಪಿಯುಸಿ ಓದುವಾಗ ಅಮ್ಮ ತೀರಿಕೊಂಡರು. ಅಕ್ಕತಂಗಿಯರಿಲ್ಲ. ಅಪ್ಪನಿಗೆ ಸೀರೆ ವಿಷಯ ಏನು ಗೊತ್ತಿರುತ್ತದೆ? ನಾನು ಕೆಲಸ ಮಾಡುವ ಕಾರ್ಖಾನೆಯ ಮೂವರು ಗೆಳತಿಯರೇ ನನ್ನ ಮದುವೆಗೆ ತಾಯಿಯಾದರು. ಒಬ್ಬಳು ನನ್ನನ್ನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನೇಯುವವರ ಮನೆಯಲ್ಲಿ ಮಗ್ಗದ ಪಕ್ಕ ಕೂತು ಸೀರೆ ನೋಡಿದೆವು. ನಾನು ಎರಡು ಸೀರೆ ಹಿಡಿದುಕೊಂಡು ಒದ್ದಾಡುತ್ತಿದ್ದಾಗ ಅವಳು ಯಾವುದು ಚೆಂದ ಎಂದು ಹೇಳಲೇ ಇಲ್ಲ. ‘ಯಾವುದನ್ನು ಬಿಟ್ಟು ಹೋದರೆ ನಿನಗೆ ರಾತ್ರಿ ನೆನಪಾಗುತ್ತೆ?’ ಎಂದು ಕೇಳಿದಳು. ಅಷ್ಟೇ. ಇನ್ನೊಬ್ಬಳು ಶಿಫ್ಟ್ ಮುಗಿಸಿ ಬಂದು ರಾತ್ರಿ ಕೂತು ಫಾಲ್ ಹಚ್ಚಿದಳು. ಮೂರನೆಯವಳು ತನ್ನ ಜುಮಕಿ ಕೊಟ್ಟಳು. ಮದುವೆ ಮುಗಿದು ಮೂರು ತಿಂಗಳಾದರೂ ವಾಪಸ್ ಕೇಳಿರಲಿಲ್ಲ.

ನಿಮ್ಮವರು ಮೂರು ಭಾನುವಾರ ನಿಮಗಾಗಿ ಕೊಟ್ಟಿದ್ದಾರೆ. ಅದು ಪ್ರೀತಿ ಅಲ್ವಾ? ಅವರಿಗೆ ಬೇರೆ ಕೆಲಸ ಹಂಚಿಕೊಡಿ. ಕಾಂಜೀವರಂ ಅಂದವಳಿಗೆ ಒಡವೆ ಹೊಂದಿಸುವ ಕೆಲಸ ಕೊಡಿ, ಅವಳಿಗೆ ಆ ಕಣ್ಣಿದೆ. ತಿಳಿ ಬಣ್ಣದವಳಿಗೆ ಹೂವು, ಜಡೆ, ಮೇಕಪ್. ಲೆಹೆಂಗಾ ಅಂದವಳನ್ನು ಆರತಕ್ಷತೆಗೆ ಬಿಡಿ. ಮೈಸೂರಿನಲ್ಲಿ ಬಾಡಿಗೆಗೆ ಸಿಗುತ್ತದೆ, ಒಂದು ಸಂಜೆಗೆ ದುಡ್ಡು ಸುರಿಯಬೇಕಾಗಿಲ್ಲ. ಧಾರೆಗೆ ಮಾತ್ರ ಅದು ಬೇಡವೇ ಬೇಡ. ನೆಟ್ಟಿನ ಸಿಂಥೆಟಿಕ್ ಬಟ್ಟೆಗೆ ಹೋಮದ ಕಿಡಿ ಬಿದ್ದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ರೇಷ್ಮೆ ಹಾಗೆ ಕರಗುವುದಿಲ್ಲ.

— ಹೆಬ್ಬಾಳ, ಮೈಸೂರು

*

ನಾನು ಟೈಲರ್. ನೀವು ಏಳು ವಾರ ಇದೆ ಅಂದಿದ್ದೀರಿ. ನನ್ನ ಲೆಕ್ಕದಲ್ಲಿ ನಿಮಗೆ ಇರುವುದು ಎರಡೇ ವಾರ. ಸೀರೆ ಬಂದ ಮೇಲೆ ಕುಚ್ಚು, ಫಾಲ್, ಬ್ಲೌಸ್ ಆಗಬೇಕು. ಕೈ ಕೆಲಸದ ಬ್ಲೌಸ್ ಆದರೆ ಅದಕ್ಕೇ ಎರಡು ಮೂರು ವಾರ. ವೈಶಾಖದ ಮದುವೆ ಸೀಸನ್ನಿನಲ್ಲಿ ನಮ್ಮಲ್ಲಿ ಬಟ್ಟೆ ಇಡಲು ಜಾಗ ಇರುವುದಿಲ್ಲ. ಆಮೇಲೆ ಬಂದು ಅತ್ತರೆ ನಮಗೂ ಬೇಜಾರು.

ಮೈಸೂರು ರೇಷ್ಮೆಯೇ ತೆಗೆದುಕೊಂಡರೆ ಬ್ಲೌಸಿನ ಮೇಲೆ ಕಲ್ಲು, ಮಣಿಯ ಭಾರದ ಕೆಲಸ ಬೇಡ. ಬಟ್ಟೆ ತೆಳು, ಎಳೆದುಕೊಳ್ಳುತ್ತದೆ. ಕುತ್ತಿಗೆಗೆ, ತೋಳಿಗೆ ದಾರದ ಕೆಲಸ ಸಾಕು. ಹತ್ತಿಯ ಲೈನಿಂಗ್ ಹಾಕಿಸಿ. ಲೈನಿಂಗ್ ಬಟ್ಟೆಯನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಹಳೇ ಬ್ಲೌಸ್ ಅಳತೆಗೆ ಕೊಡಬೇಡಿ, ಬಂದು ಮೈ ಅಳತೆ ಕೊಡಿ. ಮದುವೆ ಓಡಾಟದಲ್ಲಿ ಹುಡುಗಿಯರು ಇಳಿದುಹೋಗುತ್ತಾರೆ, ಅದಕ್ಕೆ ಮದುವೆಗೆ ಹತ್ತು ದಿನ ಮುಂಚೆ ಒಂದು ಸಲ ಹಾಕಿ ನೋಡಲೇಬೇಕು. ಒಳಗೆ ಬಿಚ್ಚಲು ಬಟ್ಟೆ ಬಿಡಿಸಿ. ಬ್ಲೌಸ್ ಪೀಸ್ ಕತ್ತರಿಸುವ ಮುಂಚೆ ಸೀರೆ ಉಟ್ಟು ನೋಡಿ. ನೀವು ಎತ್ತರವಿದ್ದು ನೆರಿಗೆ ಸಾಲದೆ ಹೋದರೆ, ಆ ಪೀಸನ್ನು ಸೀರೆಯಲ್ಲೇ ಬಿಟ್ಟು ಬೇರೆ ಬಟ್ಟೆಯಲ್ಲಿ ಬ್ಲೌಸ್ ಹೊಲಿಸಬಹುದು.

— ಮಂಡ್ಯ

*

ನಾನು ಗಂಡಿನ ತಾಯಿಯ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ನಾವೂ ಸೊಸೆಗೆ ಹೀಗೆಯೇ ದುಡ್ಡು ಕೊಟ್ಟಿದ್ದೆವು. ಮನಸ್ಸಿಟ್ಟೇ ಕೊಟ್ಟದ್ದು. ಸೀರೆ ಬಿಲ್ ಮಾಡಿಸುವ ಮುಂಚೆ ಅವಳು ಒಂದು ಫೋನ್ ಮಾಡಿ, ‘ಅತ್ತೆ, ನಮ್ಮ ಮನೆಯಲ್ಲಿ ಧಾರೆಗೆ ಆಗಬಾರದ ಬಣ್ಣ ಯಾವುದಾದರೂ ಇದೆಯಾ?’ ಎಂದು ಕೇಳಿದಳು. ‘ಕಪ್ಪು ಎಳೆ ಇರಬಾರದು, ಅಷ್ಟೇ ಕಣಮ್ಮ’ ಅಂದೆ. ಆ ಒಂದು ಫೋನಿಗೆ ನನಗಾದ ಸಂತೋಷ ಹೇಳಲಾರೆ. ನೀನೂ ಕೇಳಮ್ಮ. ಮನೆಯಿಂದ ಮನೆಗೆ ಪದ್ಧತಿ ಬೇರೆ ಇರುತ್ತದೆ.

— ಶ್ರೀರಂಗಪಟ್ಟಣ

*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಭಾನುವಾರದಲ್ಲಿ ಅಷ್ಟೊಂದು ಸೀರೆ ನೋಡಿದ್ದೀರಿ. ಕೈಗೆ ಹೇಗಿತ್ತು ಎಂದು ಬರೆದದ್ದು ಆ ಹಸಿರು ಸೀರೆ ಒಂದಕ್ಕೇ. ಅದು ನಿಮ್ಮ ಅಮ್ಮನ ಸೀರೆ ಥರ ಇದೆ ಎಂದು ನಮಗೆ ಹೇಳಿದ್ದೀರಿ. ಅಮ್ಮನಿಗೆ ಹೇಳಿದ್ದೀರಾ?

ಗುಂಪಿನಲ್ಲಿ ಹಿಂದಕ್ಕೆ ಹೋದರೆ ಮೊದಲ ದಿನದ ಫೋಟೋ ಇನ್ನೂ ಇರುತ್ತದೆ. ಇವತ್ತೇ ಅದನ್ನು ಅಮ್ಮನಿಗೆ ತೋರಿಸಿ. ಆಮೇಲೆ ಅಂಗಡಿಗೆ ಫೋನ್ ಮಾಡಿ ಕೇಳಿ. ಇದ್ದರೆ, ‘ಬುಧವಾರ ನಾನು, ನಮ್ಮಮ್ಮ ಬರುತ್ತೇವೆ, ಅಲ್ಲಿವರೆಗೆ ಎತ್ತಿಡಿ’ ಎಂದು ಹೇಳಿ.

— ನಾಗಮಂಗಲ